ಮೈಲಮ್ಮನ ಜಾಝ್

ಗದ್ವಾಲದ ಮದುವೆ ಬ್ಯಾಂಡಿನವರಲ್ಲಿ ಕ್ಲಾರಿನೆಟ್ ಊದುವ ಹೆಣ್ಣು ಮೈಲಮ್ಮ ಒಬ್ಬಳೇ. ಅಪ್ಪನಿಂದ ಕಲಿತದ್ದು. ಒಮ್ಮೆ ಮಗಳ ಫೋನಿನಲ್ಲಿ, ನೂರು ವರ್ಷದ ಹಿಂದೆ ಅಮೆರಿಕದ ಕಪ್ಪುಜನ ಬೀದಿಯಲ್ಲಿ ಊದುತ್ತಿದ್ದ ಜಾಝ್ ಕೇಳಿದಳು. ಒಂದೇ ಹಾಡನ್ನು ಮೂರು ವಾದ್ಯಗಳು ಮೂರು ಬಗೆಯಲ್ಲಿ ಒಟ್ಟಿಗೇ ನುಡಿಯುತ್ತಿದ್ದವು. ಯಾವುದೂ ಸುಮ್ಮನಾಗುತ್ತಿರಲಿಲ್ಲ, ಯಾವುದೂ ಇನ್ನೊಂದನ್ನು ತುಳಿಯುತ್ತಿರಲಿಲ್ಲ. ಹೀಗೆ ಒಂದು ಮನೆಯೂ ಇರಬಹುದೇ ಎಂದು ಅವಳಿಗೆ ಅನಿಸಿತು.

ಮದುವೆಗಳಿಲ್ಲದ ಆಷಾಢದಲ್ಲಿ ಗಂಡ ಯಂಕಣ್ಣನಿಗೂ ಮೈದುನ ಅಂಜಿಗೂ ಅದನ್ನು ಕಲಿಸಿದಳು. ಯಂಕಣ್ಣ ಟ್ರಂಪೆಟ್ಟಿನಲ್ಲಿ ಹಾಡನ್ನು ಹಿಡಿದಿರಬೇಕು, ಅಂಜಿಯ ಟ್ರಾಂಬೋನ್ ತಗ್ಗು ಸ್ವರದಲ್ಲಿ ಜಾರಬೇಕು, ಅವಳ ಕ್ಲಾರಿನೆಟ್ ಮೇಲೆ ಹಾರಾಡಬೇಕು.

"ವೈನಿ, ಇದನ್ನ ಊದಿದ್ರ ಮದುಮಗ ಹಂದರ ಬಿಟ್ಟು ಓಡ್ತಾನ," ಎಂದು ಅಂಜಿ ನಗುತ್ತಿದ್ದ. ಯಂಕಣ್ಣ ಏನೂ ಹೇಳುತ್ತಿರಲಿಲ್ಲ. ಆ ಮೌನವನ್ನು ಅವಳು ಒಪ್ಪಿಗೆ ಎಂದುಕೊಂಡಳು; ಮದುವೆಯಾದಾಗಿನಿಂದ ಹಾಗೆಯೇ ಅಂದುಕೊಂಡು ಬಂದವಳು.

ಮರುವರ್ಷ ಜೂನಿನಲ್ಲಿ, ತೆಲಂಗಾಣ ರಾಜ್ಯವಾಗಿ ವರ್ಷ ತುಂಬುವ ದಿನದ ಮೆರವಣಿಗೆಗೆ ಇವರನ್ನು ಕರೆದರು. ಬೀದಿಯಲ್ಲಿ ಒಮ್ಮೆಯಾದರೂ ಅದನ್ನು ಊದಬೇಕೆಂಬುದೇ ಅವಳ ಆಸೆ. ಹಿಂದಿನ ದಿನ ಮೆರವಣಿಗೆಯ ಉಸ್ತುವಾರಿ ಹೊತ್ತ ಶರಣಯ್ಯ ಇವರು ಊದುವುದನ್ನು ಕೇಳಲು ಬಂದವರು ನಡುವೆಯೇ ಕೈ ಎತ್ತಿದರು.

"ಮೂರು ಮಂದಿ ಮೂರು ದಿಕ್ಕಿಗೆ ಹೊಂಟೀರಲ್ಲ. ಗಂಡ ಹೆಂಡ್ತಿ ಜಗಳ ಐತೇನು? ಮನ್ಯಾಗ ಮುಗಿಸ್ಕೊಂಡು ಬರ್ರಿ."

"ಅದು ಹಂಗ ಐತ್ರಿ ಅಯ್ಯನೋರ," ಎಂದಳು ಮೈಲಮ್ಮ. "ಬೇಕಂತನ ಊದಾಕ ಹತ್ತೀವಿ."

"ತಪ್ಪಾತ್ರಿ," ಎಂದ ಯಂಕಣ್ಣ. "ನಾಳಿಗೆ ಎಲ್ಲಾರೂ ಕೂಡಿ ಒಂದ ಊದ್ತೀವಿ."

ಶರಣಯ್ಯ ಹೋದ ಮೇಲೆ ಅವಳು ಕೇಳಿದಳು, "ತಪ್ಪು ಅಂತ ಯಾಕಂದ್ರಿ?"

"ನೀ ಆಸೆ ಪಟ್ಟಿ, ಮನ್ಯಾಗ ಊದಿದ್ವಿ. ಇನ್ನ ಸಾಕು."

ಅವನ ದನಿ ಮೆತ್ತಗೇ ಇತ್ತು. ಹಠ ಮಾಡಿದ ಮಗುವನ್ನು ಅಷ್ಟು ದಿನ ಆಟವಾಡಿಸಿದವನಂತೆ ಮಾತಾಡಿದ್ದ.

ಮರುದಿನ ಕೋಟೆಯ ಮುಂದೆ, ಜನ ಕಿಕ್ಕಿರಿದಿದ್ದಲ್ಲಿ, ಹಾಡಿನ ಎರಡನೆಯ ಸಾಲಿಗೆ ಅವಳ ಬೆರಳುಗಳು ತಾವಾಗಿ ಬೇರೆ ಸ್ವರಕ್ಕೆ ಹೋದವು. ಅವಳು ತಡೆಯಲಿಲ್ಲ. ಕೆಳಗೆ ಟ್ರಂಪೆಟ್ ಹಾಡನ್ನು ಹಿಡಿದಿದ್ದರೆ ಸಾಕಿತ್ತು.

ಯಂಕಣ್ಣ ಟ್ರಂಪೆಟ್ ಇಳಿಸಿದ. ಅವನನ್ನು ನೋಡಿ ಅಂಜಿಯೂ ನಿಲ್ಲಿಸಿದ. ಹಾಡಿನ ಆಸರೆಯಿಲ್ಲದೆ ಅವಳ ಸ್ವರಗಳು ಬರೀ ಅರಚಾಟದಂತೆ ಕೇಳಿದವು. ಅವಳಿಗೂ ಹಾಗೆಯೇ ಕೇಳಿದವು. ಯಂಕಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ. ತಪ್ಪಿದವಳು ತಾನಾಗಿ ತಿದ್ದಿಕೊಳ್ಳಲಿ ಎಂದು ತಾಳ್ಮೆಯಿಂದ ಕಾಯುತ್ತಿದ್ದ.

ಮೈಲಮ್ಮ ಉಸಿರೆಳೆದುಕೊಂಡು ಹಾಡಿಗೆ ಮರಳಿದಳು. ಮೂವರೂ ಕೂಡಿ ಒಂದೇ ಊದಿದರು. ಜನ ಚಪ್ಪಾಳೆ ತಟ್ಟಿದರು.