ಹೊರಗಿನವನ ಹೆಸರು

"ಅಮ್ಮಾ, ಆ ಸವಾರನನ್ನ ಮಾತ್ರ ಕರೀಬೇಡ," ಎಂದು ಮರಿಯೊನ್ ಚಾಪೆಯ ಅಂಚು ಹಿಡಿದು ನರಳಿದಳು. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ಬೆಳಗಾದರೂ ಹೆರಿಗೆಯಾಗುವ ಲಕ್ಷಣವಿರಲಿಲ್ಲ. ಗಂಡ ದೊರೆಯ ದಂಡಿನಲ್ಲಿ ದೂರದ ಸಿರಿಯಾ ಗಡಿಯಲ್ಲಿದ್ದ.

ಮಿಬ್ತಾ ಮಗಳ ಹಣೆಯ ಬೆವರು ಒರೆಸಿ ಅಂಗಳಕ್ಕೆ ಬಂದಳು. ಅಂಗಳದಾಚೆಯ ಕೋಣೆಗಳು ಈಗ ಅವಳ ಕೈಯಲ್ಲಿರಲಿಲ್ಲ. ದೊರೆ ಪ್ತೊಲೆಮಿಯ ಕುದುರೆ ಸವಾರನಿಗೆ ಅವನ್ನು ಬಿಟ್ಟುಕೊಡಬೇಕೆಂದು ಊರಿನ ಅಧಿಕಾರಿ ಬಂದು ಅಪ್ಪಣೆ ಮಾಡಿ ಹೋಗಿದ್ದ. ಬಂದವನು ಪೆವ್ಕೊಲಾವೋಸ್ ಎಂಬ ಮ್ಯಾಸಿಡೋನಿಯದವನು. ಬಂದ ದಿನವೇ, ಯೆಹೂದ್ಯರಾದ ಇವರು ಮುಟ್ಟಲೂ ಬಾರದ ಹಂದಿಮಾಂಸವನ್ನು ಅಂಗಳದಲ್ಲಿ ಸುಟ್ಟು ತಿಂದಿದ್ದ. ಮಿಬ್ತಾ ಅವನ ಕಣ್ಣೆದುರೇ ಕೊಡಗಟ್ಟಲೆ ನೀರು ಸುರಿದು ನೆಲ ತಿಕ್ಕಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಅವನು ಕುದುರೆಯ ಮೈ ಉಜ್ಜುತ್ತಿದ್ದ.

"ನನ್ನ ಮಗಳು ಸಾಯ್ತಾಳೆ," ಎಂದಳು ಮಿಬ್ತಾ.

ಅವನು ತಿರುಗಿದ. "ಸೂಲಗಿತ್ತಿ ಎಲ್ಲಿ?"

"ಕಾಲುವೆ ಆಚೆ. ತಹೇಸಿಸ್ ಅಂತ. ದೋಣಿಗಳೆಲ್ಲ ಒಡ್ಡು ಕಟ್ಟೋ ಕಡೆ ಹೋಗಿವೆ. ನೈಲ್ ಹೇಗೆ ಬಂದಿದೆ ನೋಡಿದೀಯಲ್ಲ!"

"ಕುದುರೆ ಈಜುತ್ತೆ."

"ದೊರೆಯ ಕುದುರೆ ಅದು. ಮುಳುಗಿಹೋದ್ರೆ ನಿನ್ನ ತಲೆ ಉಳಿಯುತ್ತಾ?"

"ಅಮ್ಮಾ, ನೀನು ಬೈತಾ ಇದೀಯೋ, ಬೇಡ್ತಾ ಇದೀಯೋ?"

"ಎರಡೂ! ಹೊರಡು ಮೊದ್ಲು!"

ಅವನು ಜೀನು ಹಾಕುವುದಕ್ಕೂ ನಿಲ್ಲಲಿಲ್ಲ.

ಹೊತ್ತು ನೆತ್ತಿಗೇರಿತು. ಮರಿಯೊನ್‌ಳ ದನಿ ಸಣ್ಣಗಾಗುತ್ತಾ ಬಂತು. ಮುಳುಗಿಯೇ ಹೋದನೇನೋ, ಒಬ್ಬ ತಾಯಿಯ ಮಗನನ್ನು ನೀರಿಗೆ ನೂಕಿಬಿಟ್ಟೆನೇನೋ ಎಂದು ಮಿಬ್ತಾ ಒಳಗೊಳಗೇ ಬೆಂದಳು. ಅಷ್ಟರಲ್ಲಿ ಬೀದಿಯಲ್ಲಿ ಬೈಗುಳ ಕೇಳಿಸಿತು.

"ಈ ಮಹಾರಾಯ ನನ್ನ ಮುಳುಗ್ಸಿ ಮುಳುಗ್ಸಿ ತಂದಿದಾನೆ ಕಣೇ!" ತಹೇಸಿಸ್ ತೊಟ್ಟಿಕ್ಕುವ ಬಟ್ಟೆಯಲ್ಲೇ ಒಳಗೆ ನುಗ್ಗಿದಳು. "ಒಣ ಬಟ್ಟೆ ತಾ, ಎಣ್ಣೆ ತಾ. ಅಳೋದನ್ನ ಆಮೇಲೆ ಅಳು."

ಹಿಂದೆ ಕುದುರೆ ಕುಂಟುತ್ತಿತ್ತು. ನೀರೊಳಗಿನ ಕಲ್ಲಿಗೆ ಬಡಿದು ಮುಂಗಾಲು ಊದಿಕೊಂಡಿತ್ತು. ಪೆವ್ಕೊಲಾವೋಸ್ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಳಗಿನ ಪ್ರತಿ ಕೂಗಿಗೂ ಕಣ್ಣು ಮುಚ್ಚುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಮಿಬ್ತಾ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಬಂದಳು. "ಹೆಣ್ಣು. ತಾಯಿನೂ ಚೆನ್ನಾಗಿದಾಳೆ. ತಗೋ."

ಅವನು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. "ಬೇಡಮ್ಮಾ, ನನ್ನ ಕೈ ನಿಮಗೆ..."

"ಕೈ ನೀಡು ಅಂದೆ," ಎಂದು ಮಿಬ್ತಾ ಗದರಿದಳು. ಕೂಸನ್ನು ಅವನ ತೋಳುಗಳಲ್ಲಿ ಇಟ್ಟೇಬಿಟ್ಟಳು.

ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಊರಿನ ಯೆಹೂದ್ಯರೆಲ್ಲ ಪ್ರಾರ್ಥನಾ ಮಂದಿರದಲ್ಲಿ ಸೇರಿದರು. ಹಿರಿಯ ಷಬ್ಬತಾಯ್ ವಾಡಿಕೆಯಂತೆ ದೊರೆಗೆ, ರಾಣಿಗೆ, ಅವರ ಮಕ್ಕಳಿಗೆ ಒಳಿತನ್ನು ಬೇಡಿದ. ಮುಗಿಸುವಷ್ಟರಲ್ಲಿ ಹಿಂದಿನಿಂದ ಮಿಬ್ತಾ ಎದ್ದು ನಿಂತಳು.

"ಇನ್ನೊಂದು ಹೆಸರು ಸೇರಿಸಪ್ಪಾ. ಪೆವ್ಕೊಲಾವೋಸ್."

"ಆ ಸವಾರನಾ? ಅವನು ನಮ್ಮವನಲ್ವಲ್ಲ, ಮಿಬ್ತಾ."

"ದೊರೆ ನಮ್ಮವನಾ? ಅವನ ಹೆಸರನ್ನ ಬಾಗಿಲ ಕಲ್ಲಲ್ಲೇ ಕೆತ್ತಿಸಿದೀವಿ. ನೆರಳು ಕೊಟ್ಟಿದಾನೆ, ಬೇಡೋಣ, ನಾನೇನು ಬೇಡ ಅನ್ನಲ್ಲ. ಆದ್ರೆ ನನ್ನ ಮಗಳಿಗೋಸ್ಕರ ನೀರಿಗೆ ಇಳಿದೋನು ಇವನು."

ಯಾರೋ ಕಿಸಕ್ಕನೆ ನಕ್ಕರು. ಷಬ್ಬತಾಯ್ ಗಡ್ಡ ನೀವಿಕೊಂಡ. ಆಮೇಲೆ ಕೈಗಳನ್ನು ಮೇಲೆತ್ತಿದ.

"ಪೆವ್... ಪೆವ್ಲೊಕಾ..."

"ಪೆವ್ಕೊಲಾವೋಸ್!" ಎಂದು ಹೆಂಗಸರೆಲ್ಲ ಒಟ್ಟಿಗೆ ತಿದ್ದಿದರು.

"ಪೆವ್ಕೊಲಾವೋಸನಿಗೂ," ಎಂದ ಮುದುಕ. ಎಲ್ಲರೂ "ಆಮೆನ್" ಎಂದರು.

ತೆರೆದ ಬಾಗಿಲಿನಾಚೆ ಕಾಲುವೆ ಕೆಂಪಗೆ ಹರಿಯುತ್ತಿತ್ತು. ದಡದ ಮೊಣಕಾಲುದ್ದ ನೀರಿನಲ್ಲಿ ಅವನು ಕುದುರೆಯನ್ನು ನಿಲ್ಲಿಸಿಕೊಂಡು, ಅದರ ಊದಿದ ಕಾಲಿಗೆ ಬೊಗಸೆಯಲ್ಲಿ ನೀರು ಎರೆಯುತ್ತಿದ್ದ.