ಶಿರ್ವ, ಕಟಪಾಡಿ ಮತ್ತು ಮರ್ಸಿಯ ಬಿಪಿ

ಆಶಾಲತಾ ಅಡುಗೆಮನೆಯಲ್ಲಿ ಬೂತಾಯಿ ಮೀನು ಕೊಯ್ಯುತ್ತಿದ್ದಳು. ಇನ್ನೂ ಹನ್ನೆರಡು ಬಾಕಿ ಇರುವಾಗ ಕರೆಗಂಟೆ ಹೊಡೆಯಿತು. ಶಾಲೆಗೆ ರಜೆಯಿದ್ದ ಮಗಳು ನವ್ಯಶ್ರೀ ಓಡಿಹೋಗಿ ಬಾಗಿಲು ತೆರೆದು, "ಅಮ್ಮಾ, ಮರ್ಸಿ ಆಂಟಿ!" ಎಂದು ಕೂಗಿದಳು.

ಮೇಲಿನ ಮನೆಯ ಮರ್ಸಿ ಘಾನಾ ದೇಶದವಳು. ಗಂಡ ಕುವೈತಿನ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಟೆಕ್ನಿಷಿಯನ್. ಎಂಟು ತಿಂಗಳು ತುಂಬಿದ ಹೊಟ್ಟೆ ಹೊತ್ತು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಸಿಸ್ಟರ್, ತಲೆ ಒಡೆದುಹೋಗ್ತಿದೆ. ಕಣ್ಣ ಮುಂದೆ ಮಿಣುಕು ಮಿಣುಕು. ನನ್ನ ಅಕ್ಕನಿಗೂ ಹೀಗೇ ಬಿಪಿ ಏರಿತ್ತು, ಮಗು ಉಳಿಯಲಿಲ್ಲ. ಇವರು ಡ್ಯೂಟಿಯಲ್ಲಿದ್ದಾರೆ, ಒಳಗೆ ಫೋನ್ ಬಿಡುವುದಿಲ್ಲ. ಕ್ಲಿನಿಕ್‌ಗೆ ಜೊತೆಗೆ ಬರ್ತೀರಾ?"

ಆಶಾಲತಾ ಒಮ್ಮೆ ಮೀನನ್ನು ನೋಡಿದಳು, ಒಮ್ಮೆ ಮರ್ಸಿಯನ್ನು. ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಮೂರನೇ ಮಹಡಿಗೆ ಹೊತ್ತವಳಿಗೆ ಎಂತ ಆಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಆದರೂ ಆಶಾಲತಾಳ ಮನಸ್ಸು ಒಳ್ಳೆಯದು. ಮೀನನ್ನು ಫ್ರಿಜ್ಜಿಗೆ ತಳ್ಳಿ, ಕೈಗೆ ಲಿಂಬೆ ಉಜ್ಜಿ, ನವ್ಯಶ್ರೀಯನ್ನೂ ಕರೆದುಕೊಂಡು ಹೊರಟಳು. ಲಿಂಬೆಯಿಂದ ಏನೂ ಆಗಲಿಲ್ಲ. ಆ ಜುಲೈ ಬಿಸಿಲಿನಲ್ಲೂ ಟ್ಯಾಕ್ಸಿಯವನು ಎಸಿ ಆರಿಸಿ ನಾಲ್ಕೂ ಕಿಟಕಿ ಇಳಿಸಿದ.

"ಹೆದರಬೇಡ ಮರ್ಸಿ, ಆ ಕ್ಲಿನಿಕ್‌ನಲ್ಲಿ ನಮ್ಮೂರ ಕಡೆಯ ನರ್ಸ್ ಇದ್ದಾರಂತೆ. ಲೈನ್ ನಿಲ್ಲಬೇಕಾಗಿಲ್ಲ," ಎಂದು ಧೈರ್ಯ ಹೇಳಿದಳು.

ಕ್ಲಿನಿಕ್ ಎರಡನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಮರ್ಸಿ ಮೆಟ್ಟಿಲು ಮೆಟ್ಟಿಲಿಗೂ ನಿಂತು ನಿಂತು ಹತ್ತಿದಳು. ಆಶಾಲತಾ ಏದುಸಿರು ಬಿಡುತ್ತಾ ಹತ್ತಿದಳು. ನರ್ಸ್ ಇನೆಜಳ ಕೋಣೆಯಲ್ಲಿ ರೋಗಿಗೆಂದು ಇದ್ದದ್ದು ಒಂದೇ ಕುರ್ಚಿ.

"ಮೇಡಂ, ನೀವು ಕೂತ್ಕೊಳ್ಳಿ. ಇವಳು ನಿಮ್ಮ ಮನೆ ಕೆಲಸದವಳಾ?"

ಕುವೈತಿಗೆ ಬಂದ ಹನ್ನೊಂದು ವರ್ಷಗಳಲ್ಲಿ ಆಶಾಲತಾಳನ್ನು ಯಾರೂ ಮೇಡಂ ಅಂದಿರಲಿಲ್ಲ. ಅದೂ ಬೂತಾಯಿ ಪರಿಮಳದ ಜೊತೆಗೆ! ಅವಳು ಕುಳಿತಳು. ಚೆನ್ನಾಗಿ ಕುಳಿತ ಮೇಲೆ, "ಅಲ್ಲಲ್ಲ, ಮೇಲಿನ ಮನೆಯವಳು," ಎಂದಳು.

"ಅಮ್ಮಾ..." ನವ್ಯಶ್ರೀ ಶಾಲು ಎಳೆದಳು.

"ಸುಮ್ಮನಿರು."

"ನಿಮ್ಮದು ಊರಲ್ಲಿ ಎಲ್ಲಿ?" ಇನೆಜ್ ಕೇಳಿದಳು.

"ಕಟಪಾಡಿ."

"ಅಯ್ಯೋ ದೇವಾ! ನಾನು ಅಲ್ಲೇ ಹತ್ತಿರ ಶಿರ್ವ ಮಾರಾಯ್ರೆ! ಪೇಟೆಯಲ್ಲಿ ಲ್ಯಾನ್ಸಿಯ ಬೇಕರಿ ಗೊತ್ತುಂಟಾ?"

"ಗೊತ್ತುಂಟಾ ಅಂತ ಕೇಳ್ತೀರಾ? ನಮ್ಮ ಮಗಳ ಮೊದಲ ಬರ್ತ್‌ಡೇ ಕೇಕ್ ಅಲ್ಲಿಯದ್ದೇ!"

"ಅವನು ನನ್ನ ಚಿಕ್ಕಪ್ಪನ ಮಗ!"

ಮರ್ಸಿ ಗೋಡೆಗೆ ಒರಗಿದಳು. "ನರ್ಸ್, ನನ್ನ ತಲೆ..."

"ವೇಯ್ಟ್, ವೇಯ್ಟ್," ಎಂದು ತಿರುಗದೆಯೇ ಹೇಳಿ, ಇನೆಜ್ ಮತ್ತೆ ಕನ್ನಡಕ್ಕೆ ಬಂದಳು. "ಇವರದ್ದು ಹೀಗೇ. ಗಟ್ಟಿ ಜೀವ, ನಮ್ಮ ಹಾಗಲ್ಲ. ನೋವು ಗೊತ್ತೇ ಆಗುವುದಿಲ್ಲ. ಆದರೆ ಬೊಬ್ಬೆ ಮಾತ್ರ ಜೋರು. ಬೆಳಿಗ್ಗೆಯಿಂದ ನಲವತ್ತು ಜನ ಬಂದಿದ್ದಾರೆ, ಯಾರದ್ದು ನಿಜ ಅಂತ ನೋಡುವುದು ಹೇಳಿ?"

"ಹೌದೌದು, ಇವಳು ಗ್ಯಾಸ್ ಸಿಲಿಂಡರನ್ನೇ..." ಎಂದು ಆಶಾಲತಾ ಶುರುಮಾಡಿದಳು.

"ಅದಿರಲಿ, ನೀವೆಂತ ಇಷ್ಟು ಬೆವರ್ತೀರಿ? ಕೈ ಕೊಡಿ." ಇನೆಜ್ ಬಿಪಿ ಪಟ್ಟಿಯನ್ನು ಆಶಾಲತಾಳ ತೋಳಿಗೆ ಸುತ್ತಿಯೇಬಿಟ್ಟಳು. "ನೂರಿಪ್ಪತ್ತು, ಎಂಬತ್ತು! ಕಾಲೇಜು ಹುಡುಗಿಯ ಬಿಪಿ ಮಾರಾಯ್ರೆ!"

ಆಶಾಲತಾ ನಾಚಿದಳು.

"ಅಮ್ಮಾ, ಬಟ್..."

"ಸುಮ್ಮನಿರು ಅಂದೆನಲ್ಲ!"

ಮರ್ಸಿ ಗೋಡೆ ಬಿಟ್ಟು ಎರಡು ಹೆಜ್ಜೆ ಬಂದಳು. ಆಶಾಲತಾಳ ತೋಳಿನ ಪಟ್ಟಿಯನ್ನು ಪರ್ರೆಂದು ಕಿತ್ತು ತನ್ನ ತೋಳಿಗೆ ಸುತ್ತಿಕೊಂಡಳು.

"ಬೊಬ್ಬೆ ಹೊಡೆಯಲು ನನಗೆ ಶಕ್ತಿಯಿಲ್ಲ," ಎಂದಳು ಮೆಲ್ಲಗೆ, ಇಂಗ್ಲಿಷಿನಲ್ಲಿ; ಕನ್ನಡ ಬಾರದಿದ್ದರೂ ಇನೆಜಳ ಮಾತಿನ ಧಾಟಿ ಅವಳಿಗೆ ಅರ್ಥವಾಗಿತ್ತು. "ನೋಡಿ."

ಇನೆಜ್ ರಬ್ಬರ್ ಚೆಂಡು ಒತ್ತಿದಳು. ನೋಡಿದಳು. ನಂಬದೆ ಮತ್ತೊಮ್ಮೆ ಒತ್ತಿದಳು. "ನೂರ ಎಂಬತ್ತು... ನೂರಿಪ್ಪತ್ತು." ಶಿರ್ವದ ಬಗ್ಗೆ ಅಷ್ಟೆಲ್ಲ ಮಾತಾಡಿದವಳಿಗೆ ಈಗ ಉಳಿದದ್ದು ಒಂದೇ ಮಾತು: "ಡಾಕ್ಟರ್!"

ಆಶಾಲತಾ ಕಾದ ಕಾವಲಿಯ ಮೇಲೆ ಕುಳಿತವಳಂತೆ ಕುರ್ಚಿಯಿಂದ ಜಿಗಿದಳು.

ಆಂಬುಲೆನ್ಸ್ ಬಂತು. ಯಾರೂ ಹೇಳದಿದ್ದರೂ ಇನೆಜ್ ಹತ್ತಿದಳು. ದೊಡ್ಡಾಸ್ಪತ್ರೆಯವರೆಗೂ ಮರ್ಸಿಯ ಕೈ ಬಿಡಲಿಲ್ಲ. ಆಪರೇಷನ್ ಆಗಿ, ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಬ್ಬರನ್ನೂ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರ್. ಇನೆಜ್ ಕಾರಿಡಾರಿನ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಮಗಳ ಜೊತೆ ಟ್ಯಾಕ್ಸಿಯಲ್ಲಿ ಹಿಂದೆಯೇ ಬಂದಿದ್ದ ಆಶಾಲತಾ, ಗಂಡ ಪುರಂದರನಿಗೆ ಅಲ್ಲಿಂದಲೇ ಫೋನ್ ಹಚ್ಚಿದಳು.

"ಕೇಳಿದ್ರಾ? ಎಂತ ಭೇದ ಮಾಡ್ತಾರೆ ಗೊತ್ತುಂಟಾ ಇಲ್ಲಿ! ಮೈಬಣ್ಣ ನೋಡಿ ಬಿಪಿ ನೋಡುವುದಾ? ಅದೂ ನಮ್ಮ ಶಿರ್ವದವಳು! ನಾನು ಬಿಡ್ತೇನಾ? ನನ್ನ ತೋಳಿನ ಪಟ್ಟಿ ತೆಗೆದು..." ತೆಗೆದದ್ದು ಯಾರೆಂದು ನೆನಪಾಗಿ ಒಂದು ಕ್ಷಣ ತಡೆದಳು. "...ಅವಳಿಗೆ ಕಟ್ಟಿಸಿದೆ!"

ಬೆಳಗಿನಿಂದ ಬಾಯಿ ಮುಚ್ಚಿಸಿಕೊಂಡಿದ್ದ ನವ್ಯಶ್ರೀ ಅಮ್ಮನ ಎದುರಿಗೆ ಬಂದು ನಿಂತಳು. ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಈ ಸಲ ಕನ್ನಡದಲ್ಲೇ, ಇನೆಜಳಿಗೂ ಫೋನಿನ ಆಚೆಯ ಅಪ್ಪನಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಕೇಳಿದಳು:

"ಅಮ್ಮಾ, ಹೊಟ್ಟೆಯಲ್ಲಿ ಪಾಪು ಇದ್ದದ್ದು ಮರ್ಸಿ ಆಂಟಿಗೆ. ಮತ್ತೆ ಕುರ್ಚಿಯಲ್ಲಿ ನೀನು ಯಾಕೆ ಕೂತದ್ದು?"