ಆಯಸ್ಕಾಂತಕ್ಕೆ ಅಂಟಿದ ಪುಡಿ

ಯಾಸ್ಮೀನ್ ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಓಡಾಡಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಅವಳ ಸಂಶೋಧನೆ ಹೇಳುವುದಕ್ಕೇನೋ ಸುಲಭ. ಸತುವಿನ ಆಕ್ಸೈಡಿಗೆ ಚಿಟಿಕೆ ಕೋಬಾಲ್ಟ್ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೋ ಪುಡಿ ಮಾಡಬೇಕು. ಅದು ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು, ಆಯಸ್ಕಾಂತಕ್ಕೂ ಅಂಟಬೇಕು. ಕೊಲ್ಲುವ ಕೆಲಸವನ್ನು ಅದು ಮೊದಲ ತಿಂಗಳಿಂದಲೇ ಮಾಡುತ್ತಿತ್ತು. ಆಯಸ್ಕಾಂತದ ಮುಂದೆ ಮಾತ್ರ ಮೈಗಳ್ಳನ ಹಾಗೆ ಬಿದ್ದಿರುತ್ತಿತ್ತು. ಅದನ್ನು ನೋಡಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

೨೦೦೬ರ ದಸರಾ ರಜೆ ಮುಗಿಸಿ ಬಂದು ಮಾಡಿದ ಪುಡಿ ಅಂಟಿತು. ಗೈಡ್ ಚನ್ನವೀರಯ್ಯನವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡೂ ನೋಡಿದರು. ವಾರದೊಳಗೆ ಕುಣಿಗಲ್ಲಿನ ಸೆಮಿನಾರಿನಲ್ಲಿ ಡಂಗುರ ಹೊಡೆದೂ ಬಂದರು. ಮಾರ್ಚಿನೊಳಗೆ ಪ್ರಬಂಧ ಕೊಡದಿದ್ದರೆ ಯಾಸ್ಮೀನಳ ನೋಂದಣಿಯೇ ರದ್ದಾಗುತ್ತಿತ್ತು. ಸದ್ಯ, ಬದುಕಿದೆ ಅಂದುಕೊಂಡಳು.

ಆಮೇಲಿನ ಪುಡಿಗಳು ಒಂದಕ್ಕಿಂತ ಒಂದು ಕಡಿಮೆ ಅಂಟಿದವು. ಐದನೆಯದು ಅಂಟಲೇ ಇಲ್ಲ. ಉರಿ, ತೂಕ, ನೀರು ಎಲ್ಲ ಬದಲಿಸಿ ನೋಡಿ ತಲೆ ಕೆಟ್ಟು ಕೂತಿದ್ದಾಗ, ಲ್ಯಾಬಿನ ಅಟೆಂಡರ್ ಹೊನ್ನಯ್ಯ ಸಮಾಧಾನ ಹೇಳಲು ಬಂದ.

"ಸಾಮಾನೇ ಮಂಕಾಗವೆ ಕಣಮ್ಮ. ಆಯುಧಪೂಜೆಗೆ ಆ ಪಿಂಗಾಣಿ ಕುಟ್ಟಾಣಿನ ಕಬ್ಬಿಣದ ನಾರಲ್ಲಿ ಗಸಗಸ ಉಜ್ಜಿದ್ದೆ. ಪೂಜೆ ಅಂದ್ಮೇಲೆ ಕೊಳೆ ಇರಬಾರ್ದು. ಅದಾದ್ಮೇಲೆ ಯಾರ್ ಉಜ್ಜವ್ರೆ?"

ಯಾಸ್ಮೀನ್ ಎದ್ದು, ಪುಡಿ ಅರೆಯುವ ಆ ಕುಟ್ಟಾಣಿಯನ್ನು ಬಿಳಿ ಕಾಗದದ ಮೇಲೆ ಬ್ರಷ್ಷಿನಿಂದ ಗುಡಿಸಿದಳು. ಕಾಗದದ ಕೆಳಗೆ ಆಯಸ್ಕಾಂತ ಹಿಡಿದಳು. ಕೂದಲಿಗಿಂತ ತೆಳ್ಳಗಿನ ಎರಡು ಕಬ್ಬಿಣದ ಚೂರು ಎದ್ದು ನಿಂತವು. ಇಷ್ಟು ದಿನ ಅಂಟಿದ್ದು ಅವಳ ಪುಡಿಯಲ್ಲ, ಹೊನ್ನಯ್ಯನ ಭಕ್ತಿ. ಅವನ ಮೇಲೆ ಸಿಟ್ಟು ಬಂತು. ಹಿಂದೆಮುಂದೆ ನೋಡದೆ ನಂಬಿದ ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಚನ್ನವೀರಯ್ಯನವರು ಎಲ್ಲ ಕೇಳಿ, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

"ಹೊನ್ನಯ್ಯನ ಕೈಲಿ ಇನ್ನೊಂದ್ಸಲ ಉಜ್ಜಿಸ್ಬಿಡಮ್ಮ. ರೀಡಿಂಗ್ ಬಂದ್ರೆ ಸಾಕು."

"ಬ್ಯಾಕ್ಟೀರಿಯಾ ಸಾಯೋದು ನಿಜ ಅಲ್ವಾ ಸಾರ್. ಅದಷ್ಟೇ ಬರೀತೀನಿ."

"ಅದನ್ನ ಊರೋರೆಲ್ಲ ಮಾಡವ್ರೆ. ಅಷ್ಟಕ್ಕೆ ಡಾಕ್ಟರೇಟ್ ಕೊಡಲ್ಲ. ಯೋಚ್ನೆ ಮಾಡು."

ಯೋಚಿಸಿಕೊಂಡೇ ಮಾರನೆಯ ದಿನ ಲ್ಯಾಬಿಗೆ ಬಂದರೆ, ಹೊನ್ನಯ್ಯ ಹೊಸ ನಾರು ಹಿಡಿದು, ಅಂಗಿಯ ತೋಳು ಮಡಚಿಕೊಂಡು ಕಾಯುತ್ತಿದ್ದ.

"ಸಾಹೇಬ್ರು ಹೇಳವ್ರೆ. ಕೊಡಮ್ಮ ಇತ್ಲಾಗೆ, ಫಳಫಳ ಅನ್ನಂಗೆ ಉಜ್ಜಿಕೊಡ್ತೀನಿ. ನೀನು ಡಾಕ್ಟ್ರಾಗೋದ್ನ ನಾನೂ ನೋಡ್ಬೇಕು."

ಒಂದು ಗಳಿಗೆ ಕುಟ್ಟಾಣಿ ಹಿಡಿದ ಅವಳ ಕೈ ಮುಂದೆ ಹೋಯಿತು. ಆಮೇಲೆ ಅದನ್ನು ಹಿಂದಕ್ಕೆಳೆದು, ಉಳಿದ ಕಬ್ಬಿಣವೂ ಕರಗಿಹೋಗಲೆಂದು ಆ್ಯಸಿಡ್ ತುಂಬಿದ ಬೋಗುಣಿಯಲ್ಲಿ ಮುಳುಗಿಸಿದಳು. ನೋಟ್‌ಬುಕ್ಕಿನಲ್ಲಿ 'ಆಯಸ್ಕಾಂತ ಗುಣ ಇಲ್ಲ' ಎಂದು ಬರೆದು ತಾರೀಖು ಹಾಕಿದಳು. ಇನ್ನು ಮಾರ್ಚ್ ಬಂದರೂ ಒಂದೇ, ಹೋದರೂ ಒಂದೇ.

"ನಾನೇನಾರ ತಪ್ಪು ಮಾಡಿದ್ನಾಮ್ಮ?" ಹೊನ್ನಯ್ಯ ಅಳುಕುತ್ತಾ ಕೇಳಿದ.

"ಇಲ್ಲ ಹೊನ್ನಯ್ಯನೋರೇ. ತುಂಬಾ ಚೆನ್ನಾಗಿ ಉಜ್ಜಿದ್ರಿ," ಎಂದಳು. ಅಷ್ಟು ಹೇಳುವಷ್ಟರಲ್ಲಿ, ನಾಲ್ಕು ವರ್ಷ ತಡೆದಿಟ್ಟಿದ್ದ ಅಳು ಅವನೆದುರೇ ಬಂದುಬಿಟ್ಟಿತು.